ಗುದ್ದಿ ಹಣ್ಣು ಮಾಡಿದ ಕ್ಷಮೆ: ಮಂಡ್ಯ ಕಡೆಯ ಒಂದು ಸಭೆಯ ಚೀಟಿ ಪ್ರಕರಣ

ಮಂಡ್ಯ ಜಿಲ್ಲೆಯ ಒಂದು ಸಣ್ಣ ಪಟ್ಟಣದ ಪ್ರಾಟೆಸ್ಟೆಂಟ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, 2024ರಲ್ಲಿ ನಡೆದ ವಿಷಯ ಇದು. ಊರಿನ ಹೆಸರು, ಸಭೆಯ ಹೆಸರು ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಾಯಿಸಿದ್ದೇನೆ. ಲೆಕ್ಕವನ್ನು ಮಾತ್ರ ಬದಲಾಯಿಸಿಲ್ಲ, ಯಾಕೆಂದರೆ ಇಲ್ಲಿ ಎಲ್ಲವೂ ಲೆಕ್ಕದ ಮೇಲೇ ನಿಂತಿದೆ. ಇಬ್ಬರು ಹೆಂಗಸರು. ಒಬ್ಬರನ್ನು ಟೀಚರಮ್ಮ ಅನ್ನೋಣ, ಇನ್ನೊಬ್ಬರನ್ನು ಚೀಟಿ ಅಕ್ಕ. ಇಬ್ಬರೂ ಓದಿ ಒಪ್ಪಿಕೊಂಡ ಮೇಲೆಯೇ ಇದನ್ನು ಹೊರಗೆ ಬಿಡುತ್ತಿದ್ದೇನೆ. ನಾನು ಮೈಸೂರಿನವನು, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಆ ಸಭೆಯವನಲ್ಲ. ಲೆಕ್ಕ ನೋಡೋಕೆ ಹೊರಗಿನವರು ಯಾರಾದರೂ ಬೇಕು ಅಂತ ಕರೆಸಿಕೊಂಡಿದ್ದರು.

ಕ್ಷಮಿಸಬೇಕು ಅಂತ ನಮ್ಮ ಸಭೆಗಳಲ್ಲಿ ಬೇಕಾದಷ್ಟು ಪ್ರಸಂಗ ಆಗುತ್ತದೆ. ಏನನ್ನು, ಎಷ್ಟನ್ನು, ಯಾವಾಗ ಅನ್ನುವುದಕ್ಕೆ ಬಂದಾಗ ಎಲ್ಲರೂ ಮೆತ್ತಗಾಗುತ್ತಾರೆ. ಅಲ್ಲಿಗೆ ಈ ಪ್ರಕರಣ ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಸುಮಾರು ತೊಂಬತ್ತು ಮನೆಗಳ ಹಳೇ ಸಭೆ. ನಾಲ್ಕೈದು ತಲೆಮಾರಿನಿಂದ ಒಳಗೊಳಗೇ ಹೆಣ್ಣು ಕೊಟ್ಟು ತಂದುಕೊಂಡಿರುವುದರಿಂದ ಯಾರನ್ನು ಬೈದರೂ ಯಾರದೋ ಸೋದರತ್ತೆಗೆ ತಾಗುತ್ತದೆ. ಚೀಟಿ ಅಕ್ಕ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡವರು. ಎಷ್ಟೋ ವರ್ಷದಿಂದ ಚೀಟಿ ನಡೆಸುತ್ತಿದ್ದರು. ಒಂದು ರೂಪಾಯಿ ಹೆಚ್ಚುಕಮ್ಮಿ ಆದದ್ದಿಲ್ಲ. ಮಹಿಳಾ ಕೂಟ ಮುಗಿದ ಮೇಲೆ ಅದೇ ಹಾಲ್‌ನಲ್ಲಿ, ಅದೇ ಚಾಪೆ ಮೇಲೆ ಕೂತು ಚೀಟಿ ಕೂಗುತ್ತಿದ್ದರು. ಪ್ರಾರ್ಥನೆ ಮುಗೀತು, ಚೀಟಿ ಶುರು. ಸಭೆಯ ನಂಬಿಕೆಯೇ ಚೀಟಿಗೂ ಜಾಮೀನು ಆಗಿಬಿಟ್ಟಿತ್ತು.

ಟೀಚರಮ್ಮನಿಗೆ ಅರವತ್ತೆಂಟು. ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಗಂಡ ಇಲ್ಲ, ಮಗಳು ಅಳಿಯ ಮೈಸೂರಿನಲ್ಲಿ. ಮೊಮ್ಮಗನ ಇಂಜಿನಿಯರಿಂಗ್ ಫೀಸಿಗೆ ಅಂತ ಎರಡು ಚೀಟಿ ಹಾಕಿದ್ದರು. ಅಷ್ಟೇ ಆಗಿದ್ದರೆ ವಿಷಯ ಇಷ್ಟು ಬೆಳೆಯುತ್ತಿರಲಿಲ್ಲ. ಮನೆಗೆಲಸ, ಅಂಗನವಾಡಿ ಅಂತ ದುಡಿಯುವ ಮೂವರು ಹೆಂಗಸರನ್ನು "ನಾನಿದ್ದೀನಿ, ಸೇರ್ಕೊಳ್ರಮ್ಮ" ಅಂತ ಅವರೇ ಸೇರಿಸಿದ್ದರು.

ಚೀಟಿ 2023ರ ಜನವರಿಯಲ್ಲಿ ಶುರುವಾಯಿತು. ಇಪ್ಪತ್ತು ಚೀಟಿ, ಇಪ್ಪತ್ತು ತಿಂಗಳು, ತಿಂಗಳಿಗೆ ₹5,000, ಒಟ್ಟು ಗಂಟು ₹1,00,000. ಆ ಗಂಟನ್ನು ತಿಂಗಳಿಗೆ ಒಬ್ಬರು ಎತ್ತುತ್ತಾರೆ. ತುರ್ತಿದ್ದವರು ಕಮ್ಮಿಗೆ ಕೂಗಿ ಎತ್ತುತ್ತಾರೆ, ಬಿಟ್ಟ ದುಡ್ಡು ಎಲ್ಲರಿಗೂ ಹಂಚಿಹೋಗುತ್ತದೆ. ಹಾಗಾಗಿ ಕಂತು ಸರಾಸರಿ ₹4,200ರ ಹಾಗೆ ಬೀಳುತ್ತಿತ್ತು. ಕೊನೆವರೆಗೂ ಕಾಯುವವರಿಗೆ ಲಾಭ ಜಾಸ್ತಿ. ಟೀಚರಮ್ಮ ಮತ್ತು ಆ ಮೂವರು ಕಾಯುತ್ತಿದ್ದರು.

ರಿಜಿಸ್ಟರ್ ಮಾಡಿಸದ ಚೀಟಿ ಅದು. 1982ರ ಚೀಟಿ ನಿಧಿ ಕಾಯ್ದೆಯ ಪ್ರಕಾರ ಮೊದಲೇ ಸರ್ಕಾರದ ಅನುಮತಿ ಪಡೆದು ನೋಂದಾಯಿಸದೆ ಚೀಟಿ ನಡೆಸುವುದೇ ಅಪರಾಧ. ನಮ್ಮ ಕಡೆ ಬೀದಿಬೀದಿಯಲ್ಲಿ ನಡೆಯುತ್ತದೆ ಅನ್ನುವುದು ಬೇರೆ ಮಾತು.

ಚೀಟಿ ನಿಂತದ್ದು

2023ರಲ್ಲಿ ಮಳೆ ಕೈಕೊಟ್ಟಿತು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಲಿಲ್ಲ. ಕಾವೇರಿ ನೀರಿಗಾಗಿ ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆಯಿತಲ್ಲ, ಅದೇ ತಿಂಗಳು ಚೀಟಿಯ ಒಂಬತ್ತನೇ ಕಂತು. ಆಗಲೇ ಗಂಟು ಎತ್ತಿದ್ದ ಇಬ್ಬರು ಆ ತಿಂಗಳಿಂದ ಕಂತು ನಿಲ್ಲಿಸಿದರು. ಒಬ್ಬರದು ನಾಲೆ ಕೆಳಗಿನ ಕಬ್ಬಿನ ಮನೆ, ನಿಜವಾಗಿಯೂ ಕೈಯಲ್ಲಿ ಇರಲಿಲ್ಲ. ಇನ್ನೊಬ್ಬರಿಗೆ ಇತ್ತು, ಮನಸ್ಸಿರಲಿಲ್ಲ.

ಚೀಟಿ ಅಕ್ಕ ಯಾರಿಗೂ ಹೇಳಲಿಲ್ಲ. ಒಡವೆ ಅಡವಿಟ್ಟು, ಆಮೇಲೆ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಸಾಲ ಮಾಡಿ, ಆ ಇಬ್ಬರ ಕಂತನ್ನೂ ತಾವೇ ತುಂಬುತ್ತಾ ಹೋದರು. ಮಾನ ಉಳಿಸಿಕೊಳ್ಳುವ ಹಟ. 2024ರ ಫೆಬ್ರುವರಿಯಲ್ಲಿ, ಹದಿನಾಲ್ಕನೇ ತಿಂಗಳು, ಕಂತು ವಸೂಲಾಯಿತು, ಗಂಟು ಮಾತ್ರ ಯಾರ ಕೈಗೂ ಸಿಗಲಿಲ್ಲ. ಫೋನ್ ಸ್ವಿಚ್ ಆಫ್. ಗಂಡನನ್ನು ಕರೆದುಕೊಂಡು ಮೈಸೂರಿನ ತಂಗಿ ಮನೆಗೆ ಹೋಗಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಆ ಮೂವರು ಹೆಂಗಸರು ಚೀಟಿ ಅಕ್ಕನ ಬಾಗಿಲಿಗೆ ಹೋಗಲಿಲ್ಲ. ಅಲ್ಲಿ ಬೀಗ ಇತ್ತು. ಟೀಚರಮ್ಮನ ಬಾಗಿಲಿಗೆ ಬಂದರು. ಅದರಲ್ಲೊಬ್ಬಳು ಬೀದಿಗೆಲ್ಲಾ ಕೇಳುವ ಹಾಗೆ, "ನಿಮ್ಮ ಮುಖ ನೋಡ್ಕೊಂಡು ಕಟ್ಟಿದ್ದು, ಅವಳ ಮುಖ ನೋಡಿ ಅಲ್ಲ" ಅಂದಳಂತೆ. ದುಡ್ಡು ಹೋದದ್ದಕ್ಕಿಂತ ಈ ಮಾತು ಟೀಚರಮ್ಮನಿಗೆ ಜಾಸ್ತಿ ನಾಟಿತ್ತು.

ಮೊದಲ ಪ್ರಯತ್ನ: ಈಸ್ಟರ್ ದಿನ

ಆಗ ಲೆಂಟ್ ಕಾಲ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಆ ವರ್ಷ ಶುಭ ಶುಕ್ರವಾರ ಮಾರ್ಚ್ 29ಕ್ಕೆ ಬಂದಿತ್ತು. ಅವತ್ತಿನ ಮೂರು ಗಂಟೆಯ ಆರಾಧನೆಯಲ್ಲಿ ಶಿಲುಬೆಯ ಏಳು ಮಾತುಗಳ ಧ್ಯಾನ ನಡೆಯುತ್ತದಲ್ಲ, ಮೊದಲನೆಯದೇ ಕ್ಷಮೆಯ ಮಾತು. ಅದನ್ನು ಕೇಳಿ ಕಮಿಟಿಯ ಹಿರಿಯರೊಬ್ಬರಿಗೆ ಹುಮ್ಮಸ್ಸು ಬಂತು. ಚೀಟಿ ಅಕ್ಕನ ಅಣ್ಣನನ್ನು ಹಿಡಿದು ಮೈಸೂರಿಗೆ ಹೇಳಿಕಳಿಸಿದರು. ಈಸ್ಟರ್ ದಿನ ಆರಾಧನೆ ಮುಗಿಯುವ ಹೊತ್ತಿಗೆ ಇಬ್ಬರನ್ನೂ ಮುಂದಕ್ಕೆ ಕರೆದು ಕೈ ಹಿಡಿಸಿದರು. ಚೀಟಿ ಅಕ್ಕ ಅತ್ತರು. ಟೀಚರಮ್ಮ "ಕ್ಷಮಿಸಿದ್ದೀನಮ್ಮ" ಅಂದರು. ಚಪ್ಪಾಳೆ ಬಿತ್ತು. ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಯಿತು.

ಮುಂದಿನ ವಾರವೇ ಇದರ ಬಣ್ಣ ಬಯಲಾಯಿತು. ಆ ಮೂವರಲ್ಲಿ ಒಬ್ಬರು ದುಡ್ಡಿನ ವಿಷಯ ಎತ್ತಿದಾಗ ಸಭೆಯವರು, "ಟೀಚರಮ್ಮನೇ ಕ್ಷಮಿಸಿಬಿಟ್ಟಿದ್ದಾರೆ, ನಿಂದೇನಮ್ಮ ಮತ್ತೆ?" ಅಂದರು. ಚೀಟಿ ಅಕ್ಕ ಮನೆಗೆ ವಾಪಸ್ ಬಂದರು, ಅಂಗಡಿ ತೆಗೆದರು. ಟೀಚರಮ್ಮ ಆರಾಧನೆಗೆ ಬರುವುದನ್ನು ನಿಲ್ಲಿಸಿದರು. ನಲವತ್ತು ವರ್ಷ ಅದೇ ಮೂರನೇ ಬೆಂಚಿನಲ್ಲಿ ಕೂತವರು. "ಎಲ್ಲರ ಮುಂದೆ ಕೇಳಿದರೆ ಇಲ್ಲ ಅನ್ನೋಕಾಗುತ್ತಾ? ಅಂದುಬುಟ್ಟೆ. ಏನನ್ನ ಕ್ಷಮಿಸಿದೆ ಅಂತ ನನಗೇ ಗೊತ್ತಿರ್ಲಿಲ್ಲ" ಅಂತ ಆಮೇಲೆ ನನಗೆ ಹೇಳಿದರು.

ಗುದ್ದಿ ಹಣ್ಣು ಮಾಡುವುದು ಅಂತೀವಲ್ಲ, ಅದೇ ಆದದ್ದು. ಹಿರಿಯರ ಉದ್ದೇಶ ಕೆಟ್ಟದ್ದಲ್ಲ. ಆದರೆ ಬೈಬಲಿನ ಮತ್ತಾಯ 18ರಲ್ಲಿ ಯೇಸು ಹೇಳಿದ ಕ್ರಮವನ್ನು ಅವರು ಪೂರ್ತಿ ತಲೆಕೆಳಗು ಮಾಡಿದ್ದರು. ತಪ್ಪು ಮಾಡಿದವರ ಹತ್ತಿರ ಮೊದಲು ಒಬ್ಬರೇ ಹೋಗಿ ಮಾತಾಡಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಿ ಅಂತ ಅಲ್ಲಿದೆ. ಇಲ್ಲಿ ಸಭೆಯ ಮುಂದೆಯೇ ಶುರು, ಅಲ್ಲೇ ಮುಕ್ತಾಯ. ಎಷ್ಟು ದುಡ್ಡು, ಎಲ್ಲಿ ಹೋಯಿತು, ಯಾರಿಗೆ ಬರಬೇಕು ಅಂತ ಒಬ್ಬರೂ ಕೇಳಿರಲಿಲ್ಲ. ಹೆಚ್ಚು ನಷ್ಟವಾದ ಮೂವರು ಆ ದಿನ ಆರಾಧನೆಗೇ ಬಂದಿರಲಿಲ್ಲ.

ಠಾಣೆಯೋ ಸಭೆಯೋ

ಟೀಚರಮ್ಮನ ಅಳಿಯ ವಕೀಲರ ಹತ್ತಿರ ಹೋದರು. ವಕೀಲರು ದಾರಿಗಳನ್ನು ಹೇಳಿದರು: ಪೊಲೀಸ್ ದೂರು ಕೊಡಬಹುದು, ಸಿವಿಲ್ ದಾವೆ ಹಾಕಬಹುದು, ಇಲ್ಲ ಕೂತು ಮಾತಾಡಿ ಬಾಕಿಗೆ ಪ್ರೋನೋಟು, ಅಂದರೆ ಸಾಲಪತ್ರ, ಬರೆಸಿಕೊಳ್ಳಬಹುದು. ಪ್ರೋನೋಟಿಗೆ ಮೂರು ವರ್ಷದ ಗಡುವು ಇರುತ್ತದೆ, ಸುಮ್ನೆ ಇಟ್ಟುಕೊಂಡು ಕೂರಬೇಡಿ ಅಂತಲೂ ಎಚ್ಚರಿಸಿದರು. ಸುದ್ದಿ ತಿಳಿದು ಸಭೆಯವರು ಬೈಬಲಿನ ಒಂದನೇ ಕೊರಿಂಥ 6, ಪೌಲನ ಪತ್ರದ ಅಧ್ಯಾಯ, ಹಿಡಿದುಕೊಂಡು ಬಂದರು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಬಾರದು ಅಂತ.

ಆ ಅಧ್ಯಾಯವನ್ನು ಅರ್ಧಕ್ಕೇ ನಿಲ್ಲಿಸುವುದು ನಮ್ಮಲ್ಲಿ ಒಂದು ಚಾಳಿ. ನಿಮ್ಮಲ್ಲಿ ಈ ವ್ಯಾಜ್ಯ ತೀರ್ಮಾನ ಮಾಡುವಂಥ ಬುದ್ಧಿವಂತ ಒಬ್ಬನೂ ಇಲ್ಲವೇ ಅಂತ ಪೌಲ ಅಲ್ಲೇ ಕೇಳುತ್ತಾನೆ. ಕೋರ್ಟಿಗೆ ಹೋಗಬೇಡಿ ಅನ್ನುವವರು ತಾವೇ ಕೂತು ನ್ಯಾಯ ಮಾಡಬೇಕು, ಇಲ್ಲದಿದ್ದರೆ ಅಡ್ಡ ಬರಬಾರದು.

ಜೂನ್‌ನಲ್ಲಿ ಹೊಸ ಅಯ್ಯನವರು, ಅಂದರೆ ಸಭೆಯ ಪಾಸ್ಟರ್, ವರ್ಗವಾಗಿ ಬಂದರು. ವಯಸ್ಸು ಚಿಕ್ಕದು, ಮಾತು ಕಮ್ಮಿ. ಅವರು ಈಸ್ಟರ್ ವಿಷಯ ತೆಗೆದು ಯಾರನ್ನೂ ಬೈಯಲಿಲ್ಲ. ಟೀಚರಮ್ಮನ ಮನೆಗೆ ಹೋಗಿ, ಅಲ್ಲಿ ಹೇಳಿದ "ಕ್ಷಮಿಸಿದ್ದೀನಿ" ಅನ್ನೋ ಮಾತಿಗೆ ನಿಮ್ಮನ್ನು ಕಟ್ಟಿಹಾಕುವುದಿಲ್ಲ ಅಂದರು. ಲೆಕ್ಕ ತೆಗೆಯೋಕೆ ನನ್ನನ್ನೂ, ಮೈಸೂರಿನ ಒಬ್ಬ ನಿವೃತ್ತ ನರ್ಸ್ ಅವರನ್ನೂ ಕರೆದರು. ಚೀಟಿ ಅಕ್ಕ ಪುಸ್ತಕ ತೋರಿಸದಿದ್ದರೆ ಟೀಚರಮ್ಮನ ಕಡೆಯವರು ದೂರು ಕೊಡಬಹುದು, ಸಭೆಯಿಂದ ಯಾರೂ ತಡೆಯಬಾರದು ಅಂತ ಕಮಿಟಿ ಮಿನಿಟ್ಸ್‌ನಲ್ಲಿ ಬರೆಸಿದರು. ಆ ಒಂದು ಸಾಲಿಗೆ ಕಮಿಟಿಯಲ್ಲಿ ಬಹಳ ಗಲಾಟೆಯಾಯಿತು. ನನ್ನ ಪ್ರಕಾರ ಆ ಸಾಲು ಇಲ್ಲದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಪುಸ್ತಕ

ಉದ್ದನೆಯ ರೂಲ್ಡ್ ನೋಟ್‌ಬುಕ್, ಬ್ರೌನ್ ಪೇಪರ್ ರಟ್ಟು ಹಾಕಿದ್ದು. ಹೆಸರುಗಳು ನೀಲಿ ಇಂಕಿನಲ್ಲಿ, ಕಟ್ಟಿದವರಿಗೆ ಕೆಂಪು ಟಿಕ್. ಒಂಬತ್ತನೇ ತಿಂಗಳಿಂದ ಆ ಇಬ್ಬರ ಹೆಸರಿನ ಮುಂದೆಯೂ ಟಿಕ್ ಇತ್ತು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ "ನಾನು" ಅಂತ ಬರೆದಿತ್ತು. ಐದು ತಿಂಗಳು, ಎರಡೆರಡು "ನಾನು". ಟೀಚರಮ್ಮ ಎದುರಿಗೇ ಕೂತಿದ್ದರು. ಪುಟವನ್ನು ತಮ್ಮ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ.

ಹದಿನಾಲ್ಕನೇ ತಿಂಗಳಿಗೆ ಬಂದಾಗ ಚೀಟಿ ಅಕ್ಕ ತಡವರಿಸಿದರು. ವಸೂಲಾದದ್ದು ₹75,000ದ ಆಸುಪಾಸು. ಎಲ್ಲಾ ಬಡ್ಡಿಯವನಿಗೆ ಹೋಯಿತು ಅಂದರು. ನಾನು ಇನ್ನೇನು ಮುಂದಿನ ಪುಟಕ್ಕೆ ಹೋಗುವವನಿದ್ದೆ. ನರ್ಸಮ್ಮ ಕೈ ಅಡ್ಡ ಹಿಡಿದರು. ಸುಮ್ಮನೆ ಕೂತರು, ನಾವೂ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಚೀಟಿ ಅಕ್ಕನೇ ಬಾಯಿಬಿಟ್ಟರು: "ನಲವತ್ತು ಸಾವಿರ ನಮ್ಮನೆಯವರ ಆಪರೇಷನ್‌ಗೆ ಕಟ್ಟಿದೆ. ಅದು ನಿಮ್ಮ ದುಡ್ಡು ಅಂತ ಗೊತ್ತಿದ್ದೇ ಕಟ್ಟಿದೆ, ಟೀಚರಮ್ಮ."

ಪ್ರಕರಣ ತಿರುಗಿದ್ದು ಇಲ್ಲಿ. ಈಸ್ಟರ್ ದಿನದ ಅಳುವಿನಲ್ಲಿ ಈ ಮಾತು ಇರಲಿಲ್ಲ. ಅಲ್ಲಿ "ತಪ್ಪಾಯ್ತು" ಅಂತ ಮಾತ್ರ ಇತ್ತು, ಯಾವ ತಪ್ಪು ಅಂತ ಇರಲಿಲ್ಲ.

ಬಾಕಿ ಲೆಕ್ಕ ಹೀಗೆ ನಿಂತಿತು. ಗಂಟು ಎತ್ತದ ಏಳು ಚೀಟಿಗೆ, ಒಂದೊಂದಕ್ಕೆ ಹದಿನಾಲ್ಕು ಕಂತಿನ ₹58,800ರಂತೆ, ವಾಪಸ್ ಬರಬೇಕಾದದ್ದು ₹4,11,600. ಅದರಲ್ಲಿ ಟೀಚರಮ್ಮನದು ₹1,17,600, ಆ ಮೂವರದು ₹1,76,400, ಉಳಿದದ್ದು ಬೇರೆ ಇಬ್ಬರದು.

ಯಾರೂ ನೋಡದಿದ್ದ ಒಂದು ವಿಷಯ ಆಗ ಕಣ್ಣಿಗೆ ಬಿತ್ತು. ಗಂಟು ಎತ್ತಿದ್ದವರು ಹದಿಮೂರು ಜನ. ಕಂತು ತಪ್ಪಿಸಿದ ಇಬ್ಬರನ್ನು ಬಿಟ್ಟರೂ ಹನ್ನೊಂದು. ಅವರೆಲ್ಲ ಇನ್ನೂ ಆರಾರು ಕಂತು ಕಟ್ಟಬೇಕಿತ್ತು. ಚೀಟಿ ಮುರಿದುಬಿತ್ತು ಅನ್ನುವ ನೆಪದಲ್ಲಿ ಸದ್ದಿಲ್ಲದೆ ಕೂತಿದ್ದರು. ಹನ್ನೊಂದು ಜನ, ಆರು ತಿಂಗಳು, ₹5,000: ಒಟ್ಟು ₹3,30,000. ಅಂದರೆ ಚೀಟಿ ಅಕ್ಕನ ತಲೆ ಮೇಲೆ ನಿಜವಾಗಿ ಉಳಿಯುತ್ತಿದ್ದದ್ದು ₹81,600. ಅಷ್ಟು ದಿನ ಅವರನ್ನು ಕಳ್ಳಿ ಅಂತ ಗಟ್ಟಿಯಾಗಿ ಕೂಗುತ್ತಿದ್ದವರಲ್ಲಿ ಮೂರ್ನಾಲ್ಕು ಜನ ಈ ಹನ್ನೊಂದರೊಳಗಿದ್ದರು. ಒಬ್ಬರು ಕಮಿಟಿಯಲ್ಲೂ ಇದ್ದರು.

ಅಯ್ಯನವರು ಮುಂದಿನ ಭಾನುವಾರ ಮತ್ತಾಯ 18ರ ಕೊನೆಯ ಸಾಮ್ಯವನ್ನು, ಯೇಸು ಹೇಳಿದ ದೃಷ್ಟಾಂತವನ್ನು, ಓದಿದರು. ಹತ್ತು ಸಾವಿರ ತಲಾಂತು, ಅಂದರೆ ತೀರಿಸೋಕೇ ಆಗದಷ್ಟು ದೊಡ್ಡ ಸಾಲ, ಮನ್ನಾ ಆದವನು ಹೊರಗೆ ಬಂದು ನೂರು ದೆನಾರಿಗಾಗಿ ಜೊತೆಯವನ ಕುತ್ತಿಗೆ ಹಿಡಿಯುವ ಕತೆ. ಯಾರನ್ನೂ ಬೆರಳು ಮಾಡಿ ತೋರಿಸಲಿಲ್ಲ. ಎರಡು ವಿಷಯ ಹೇಳಿದರು, ಎರಡೂ ನನಗೆ ಹೊಸದು. ಒಂದು, ಆ ಅರಸ ಮೊದಲು ಲೆಕ್ಕ ತೆಗೆದುಕೊಳ್ಳೋಕೆ ಕೂರುತ್ತಾನೆ, ಸಾಲ ಬಿಡುವುದು ಆಮೇಲೆ. ಇನ್ನೊಂದು, ದೆನಾರಿ ಅಂದರೆ ಒಂದು ದಿನದ ಕೂಲಿ. ನೂರು ದಿನದ ಕೂಲಿ ಅಂದರೆ ನಮ್ಮ ನರೇಗಾ ಲೆಕ್ಕದಲ್ಲಿ ಆ ವರ್ಷ ದಿನಕ್ಕೆ ₹349ರಂತೆ ₹34,900. ಮನೆಗೆಲಸ ಮಾಡುವವಳಿಗೆ ಅದು ಸಣ್ಣ ದುಡ್ಡಾ? ಯೇಸು ಆ ಸಾಲವನ್ನು ಏನೂ ಅಲ್ಲ ಅಂತ ತಳ್ಳಿಹಾಕಲಿಲ್ಲ ಅಂದರು.

ಹುಡುಗಿ

ಇದರ ನಡುವೆ ನಡೆದ ಒಂದು ಸಂಗತಿಯನ್ನು ನಾನು ಆಗ ಅಷ್ಟು ಗಮನಿಸಿರಲಿಲ್ಲ, ಈಗ ಇಡೀ ಪ್ರಕರಣದಲ್ಲಿ ಅದೇ ದೊಡ್ಡದು ಅನ್ನಿಸುತ್ತದೆ. ಚೀಟಿ ಅಕ್ಕನ ಮಗಳು ಹತ್ತನೇ ಕ್ಲಾಸು. ಟೀಚರಮ್ಮನ ಹತ್ತಿರ ಸಂಜೆ ಗಣಿತ ಹೇಳಿಸಿಕೊಳ್ಳುತ್ತಿದ್ದವಳು, ಗಲಾಟೆಯಾದ ಮೇಲೆ ನಾಚಿಕೆಗೆ ನಿಲ್ಲಿಸಿದ್ದಳು. ಪುಸ್ತಕ ತೆರೆಯುವುದಕ್ಕೆ ಮುಂಚೆಯೇ, ಜುಲೈನಲ್ಲಿ, ಟೀಚರಮ್ಮ ಪಕ್ಕದ ಮನೆಯವರ ಕೈಲಿ ಹೇಳಿಕಳಿಸಿದ್ದರು: "ಅವಳನ್ನ ಬರೋಕೆ ಹೇಳಿ. ಅವಳಮ್ಮನ ಲೆಕ್ಕ ಬೇರೆ, ಅವಳ ಲೆಕ್ಕ ಬೇರೆ."

ಆ ಹೊತ್ತಿಗೆ ಟೀಚರಮ್ಮ ಕ್ಷಮಿಸಿರಲಿಲ್ಲ. ಅವರೇ ಸ್ಪಷ್ಟವಾಗಿ ಹೇಳುತ್ತಾರೆ. ಕರ್ತನ ಪ್ರಾರ್ಥನೆ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದರೆ ಮನೆಯಲ್ಲಿ ಒಬ್ಬರೇ ಇದ್ದರೂ ಬಾಯಿ ಮುಚ್ಚಿಕೊಂಡು ಬಿಡುತ್ತಿದ್ದರಂತೆ. ಸುಳ್ಳು ಹೇಳಬಾರದಲ್ಲ ಅಂತ. ಆದರೂ ವಾರಕ್ಕೆ ಮೂರು ಸಂಜೆ ಆ ಹುಡುಗಿಗೆ ತ್ರಿಕೋನಮಿತಿ ಹೇಳಿಕೊಟ್ಟರು, ಕಾಫಿ ಕೊಟ್ಟರು. ಅಮ್ಮನ ಬಗ್ಗೆ ಒಂದು ಮಾತು ಕೇಳಲಿಲ್ಲ.

ಗಲಾತ್ಯ 5ರಲ್ಲಿ ಪವಿತ್ರಾತ್ಮನ ಫಲ ಅಂತ ಒಂಬತ್ತು ಗುಣಗಳಿವೆ. ದಯೆ ಇದೆ, ದೀರ್ಘಶಾಂತಿ ಇದೆ. ಕ್ಷಮೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಎಫೆಸ 4ರ ಕೊನೆಗೆ ಬನ್ನಿ, ಕೊಲೊಸ್ಸೆ 3ಕ್ಕೆ ಬನ್ನಿ, ಎರಡೂ ಕಡೆ ದಯೆ, ಕನಿಕರ ಮೊದಲು, ಕ್ಷಮಿಸುವುದು ಅದರ ಹಿಂದೆ. ಇದನ್ನು ಒಂದು ಸಿದ್ಧಾಂತ ಮಾಡಿ ನಿಲ್ಲಿಸುವಷ್ಟು ಓದು ನನಗಿಲ್ಲ. ಈ ಪ್ರಕರಣದಲ್ಲಂತೂ ಹಾಗೇ ಆಯಿತು. ಕ್ಷಮಿಸೋಕೆ ಆಗದಿದ್ದ ಹೆಂಗಸಿಗೆ ದಯೆ ತೋರಿಸೋಕೆ ಆಯಿತು, ಅದೂ ತಪ್ಪು ಮಾಡಿದವರಿಗಲ್ಲ, ಅವರ ಮಗಳಿಗೆ. ಕ್ಷಮಿಸೋಕೆ ಆಗುತ್ತಿಲ್ಲ ಅನ್ನುವವರು ನನ್ನ ಹತ್ತಿರ ಬಂದರೆ ಈಗ ನಾನು ಕ್ಷಮೆಯ ಮಾತೇ ಎತ್ತುವುದಿಲ್ಲ. ಸದ್ಯಕ್ಕೆ ಏನು ಮಾಡೋಕಾಗುತ್ತದೆ ಅಂತ ಕೇಳುತ್ತೇನೆ.

ತೀರ್ಮಾನ ಮತ್ತು ಆಮೇಲಿನದು

ಆಗಸ್ಟ್‌ನಿಂದ ಕಂತು ಮತ್ತೆ ಶುರು. ದುಡ್ಡು ಚೀಟಿ ಅಕ್ಕನ ಕೈಗಲ್ಲ, ಅಯ್ಯನವರೂ ನರ್ಸಮ್ಮನೂ ಜಂಟಿಯಾಗಿ ತೆರೆದ ಖಾತೆಗೆ. ಚೀಟಿ ಅಕ್ಕ ತಮ್ಮ ಪಾಲಿನ ₹81,600ಕ್ಕೆ ಪ್ರೋನೋಟು ಬರೆದುಕೊಟ್ಟು ತಿಂಗಳಿಗೆ ₹3,000 ಕಟ್ಟಲು ಒಪ್ಪಿದರು. ಹನ್ನೊಂದರಲ್ಲಿ ಒಂಬತ್ತು ಜನ ಆರು ಕಂತನ್ನೂ ಮುಗಿಸಿದರು. ಇಬ್ಬರು ಒಂದು ಪೈಸೆ ಕೊಟ್ಟಿಲ್ಲ. ಅವರಲ್ಲಿ ಆ ಕಮಿಟಿಯವರೂ ಒಬ್ಬರು, ಈಗ ಕಮಿಟಿಯಲ್ಲಿಲ್ಲ. ಕಬ್ಬಿನ ಮನೆಯವರು 2024ರಲ್ಲಿ ಕಟ್ಟೆ ತುಂಬಿದ ಮೇಲೆ ಸ್ವಲ್ಪ ಸ್ವಲ್ಪ ಕೊಡುತ್ತಿದ್ದಾರೆ, ಅದು ಚೀಟಿ ಅಕ್ಕನ ಒಡವೆ ಬಿಡಿಸಿಕೊಳ್ಳೋಕೆ ಹೋಗುತ್ತದೆ.

ಬಂದ ದುಡ್ಡು ಮೊದಲು ಯಾರಿಗೆ ಅನ್ನುವ ಪ್ರಶ್ನೆ ಬಂದಾಗ ಟೀಚರಮ್ಮ, ಆ ಮೂವರಿಗೆ ಮೊದಲು, ನನಗೆ ಕೊನೆಗೆ ಅಂದರು. ಅಳಿಯನಿಗೆ ಸಿಟ್ಟು ಬಂತು. ಮೊಮ್ಮಗನ ಫೀಸಿಗೆ ಎಜುಕೇಶನ್ ಲೋನ್ ತೆಗೆದುಕೊಂಡರು. ಇದನ್ನು ತ್ಯಾಗ ಅಂತ ಹೊಗಳಿದಾಗ ಟೀಚರಮ್ಮನಿಗೆ ಹಿಡಿಸಲಿಲ್ಲ. "ತ್ಯಾಗ ಏನು ಬಂತು. ಸೇರಿಸಿದ್ದು ನಾನು, ಮೊದಲು ಅವರದ್ದು ತೀರಬೇಕು" ಅಂದರು.

ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಯಾರೋ ಮತ್ತೆ ಒಂದು ಸಲಹೆ ತಂದರು. ಚೀಟಿ ಅಕ್ಕ ನಿಯತ್ತಾಗಿ ಕಟ್ಟುತ್ತಿದ್ದಾರೆ, ಹಬ್ಬದ ನೆಪದಲ್ಲಿ ಟೀಚರಮ್ಮ ಬಾಕಿಯನ್ನು ಬಿಟ್ಟುಬಿಟ್ಟರೆ ಎಷ್ಟು ಚಂದ ಅಂತ. ಟೀಚರಮ್ಮ ಒಪ್ಪಲಿಲ್ಲ. "ಕೊಡ್ಲಿ. ಕೊಟ್ಟು ತೀರಿಸಿದರೆ ಅವಳೂ ತಲೆ ಎತ್ಕೊಂಡು ಓಡಾಡ್ತಾಳೆ. ಬಿಟ್ಟುಬಿಟ್ಟರೆ ಜೀವಮಾನ ಪೂರ್ತಿ ನನ್ನ ಮುಂದೆ ತಗ್ಗಿಸ್ಕೊಂಡಿರ್ಬೇಕು." ಸಾಲ ಬಿಡುವುದೇ ಕ್ಷಮೆ ಅಂತ ತಿಳಿದವರಿಗೆ ಇದು ಕಲ್ಲು ಮನಸ್ಸಿನ ಹಾಗೆ ಕಂಡಿತು. ಆದರೆ ಅದೇ ಹೊತ್ತಿಗೆ ಅವರು ಪ್ರಾರ್ಥನೆಯ ಆ ಸಾಲನ್ನು ಮತ್ತೆ ಬಾಯಿಬಿಟ್ಟು ಹೇಳುತ್ತಿದ್ದರು. ಯಾವತ್ತಿನಿಂದ ಅಂತ ಕೇಳಿದೆ. ನೆನಪಿಲ್ಲವಂತೆ. ಆ ಪೆನ್ಸಿಲ್‌ನ "ನಾನು" ನೋಡಿದ ಮೇಲೆ ಒಳಗೆ ಏನೋ ಸಡಿಲವಾಯಿತು, ನಲವತ್ತು ಸಾವಿರದ ಮಾತು ಕೇಳಿದ ದಿನ ಮತ್ತೆ ಸಿಟ್ಟು ಬಂತು, ಆಮೇಲೆ ಯಾವಾಗಲೋ ಹೋಯಿತು ಅಂದರು. ಮೂರನೇ ಬೆಂಚಿಗೆ ವಾಪಸ್ ಬಂದಿದ್ದಾರೆ. ಚೀಟಿ ಅಕ್ಕನ ಜೊತೆ ಮೊದಲಿನ ಸಲಿಗೆ ಇಲ್ಲ. ಬ್ಲೌಸ್ ಮಾತ್ರ ಅವರ ಹತ್ತಿರವೇ ಹೊಲಿಸುತ್ತಾರೆ, ಕೂಲಿಯನ್ನು ಬಾಕಿಯಲ್ಲಿ ಮುರಿದುಕೊಳ್ಳದೆ ಕೈಗೇ ಕೊಡುತ್ತಾರೆ.

ಸಭೆ ಒಂದು ನಿರ್ಣಯ ಮಾಡಿದೆ. ಸಭೆಯ ಯಾವ ಕೂಟದಲ್ಲೂ, ಸಭೆಯ ಹಾಲ್‌ನಲ್ಲೂ ಚೀಟಿ ನಡೆಸುವಂತಿಲ್ಲ. ಇನ್ನೊಂದು ಬರೆಯದ ನಿಯಮ, ಅಯ್ಯನವರು ಮಾಡಿಕೊಂಡದ್ದು: ಜಗಳವಾಡಿದವರನ್ನು ಆರಾಧನೆಯಲ್ಲಿ ಮುಂದೆ ಕರೆದು ಕೈ ಹಿಡಿಸುವುದಿಲ್ಲ. ಬೇರೆ ಸಭೆಗಳಲ್ಲೂ ಇದು ಬಂದರೆ ಒಳ್ಳೆಯದು. ಚಪ್ಪಾಳೆಯ ನಡುವೆ ಇಲ್ಲ ಅನ್ನುವ ಧೈರ್ಯ ಯಾರಿಗಿರುತ್ತದೆ ಹೇಳಿ. ಹಾಗೇ, ಕ್ಷಮಿಸಿದವರು ದೂರು ಕೊಡಬಾರದು ಅಂತ ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ. ಇಲ್ಲಿ ದೂರಿನ ಅಗತ್ಯ ಬರಲಿಲ್ಲ, ಯಾಕೆಂದರೆ ಚೀಟಿ ಅಕ್ಕ ಪುಸ್ತಕ ತೆರೆದರು. ತೆರೆಯದಿದ್ದರೆ ಠಾಣೆಗೆ ಹೋಗಿ ಅಂತ ನಾನೇ ಹೇಳುತ್ತಿದ್ದೆ. ಮನೆಯಲ್ಲಿ ಹೊಡೆತ, ಮಕ್ಕಳ ಮೇಲೆ ಕೈ ಮಾಡುವುದು, ಇಂಥವಕ್ಕೆ ಈ ಪ್ರಕರಣವನ್ನು ಉದಾಹರಣೆ ಮಾಡಿಕೊಂಡು ಯಾರೂ ರಾಜಿ ಮಾಡಿಸಲು ಹೋಗಬೇಡಿ. ಅಲ್ಲಿ ಮೊದಲು ಆಗಬೇಕಾದ ಕೆಲಸವೇ ಬೇರೆ.

ಒಂದು ಮಾತ್ರ ಇನ್ನೂ ತೀರಿಲ್ಲ. ಬೀದಿಯಲ್ಲಿ ನಿಂತು ಕೂಗಿದ ಆ ಹೆಂಗಸಿಗೆ ಅವಳ ₹58,800 ಪೂರ್ತಿ ಸಿಕ್ಕಿತು. ಕೊಡೋಕೆ ಟೀಚರಮ್ಮನೇ ಹೋಗಿದ್ದರು, ನರ್ಸಮ್ಮನ ಜೊತೆ. ನಿನ್ನನ್ನು ಸೇರಿಸಬಾರದಿತ್ತು, ಕ್ಷಮಿಸಮ್ಮ ಅಂದರು. ಅವಳು ದುಡ್ಡು ಎಣಿಸಿಕೊಂಡು, ರಸೀದಿಗೆ ಸಹಿ ಹಾಕಿ, ಆಯ್ತು ಅಂದು ಬಾಗಿಲು ಹಾಕಿಕೊಂಡಳು. ಈಗ ಬೇರೆ ಸಭೆಗೆ ಹೋಗುತ್ತಾಳೆ, ಎದುರಿಗೆ ಸಿಕ್ಕರೂ ಮಾತಾಡುವುದಿಲ್ಲ. ಅಯ್ಯನವರು, ನಾನು ಹೋಗಿ ಮಾತಾಡಲಾ ಅಂತ ಕೇಳಿದ್ದಕ್ಕೆ ಟೀಚರಮ್ಮ ಬೇಡ ಅಂದರಂತೆ. "ಅವಳನ್ನ ಅವಸರ ಮಾಡಬೇಡಿ."